ಸುಣ್ಣದ ಹಾಡಿನಾಕೆ

ಆಕೆ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ, ಹೆಂಗಸರು ನಮ್ಮ ಮನೆ ಬಾಗಿಲಿಗೆ ಬರತೊಡಗಿದರು. ಆಕೆಯ ಮನೆಗೆ ಬೀಗ ಬಿದ್ದಿತ್ತಲ್ಲ, ಅದಕ್ಕೆ ಪಕ್ಕದ ನಮ್ಮ ಮನೆಗೆ. ಹೊನ್ನಾಳಿಯಿಂದ ಒಬ್ಬಳು, ಚನ್ನಗಿರಿಯಿಂದ ಇಬ್ಬರು, ಜಗಳೂರಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದ ಒಬ್ಬ ಮುದುಕಿ. ಎಲ್ಲರದೂ ಒಂದೇ ಪ್ರಶ್ನೆ.

"ಆಯಮ್ಮನ ಹಾಡು ಕಲೀಬೇಕಿತ್ತು ಕಣ್ರೀ. ರಾಶಿ ರಾಶಿ ಅದಾವಂತೆ. ಎಲ್ಲಿಂದ ಶುರು ಮಾಡಾನ?"

ನ್ಯಾಮತಿಯ ಓಣಿಯಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆಕೆಗೆ ಖುಷಿಯಾಗುತ್ತದೆ. ಸತ್ತ ಮೇಲಾದರೂ ಆ ಖುಷಿ ಆಕೆಗೆ ನನ್ನ ಕೈಯಿಂದ ಸಿಗಬಾರದು.

ಆಕೆ ಬೀಗರ ಹಾಡು ಕಟ್ಟುವವಳು. ಮದುವೆಯಲ್ಲಿ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯವರನ್ನೂ, ಹೆಣ್ಣಿನ ಕಡೆಯವರು ಗಂಡಿನವರನ್ನೂ ಎದುರು ಬದುರು ಕೂತು ಹಾಡಿನಲ್ಲಿ ಹಿಗ್ಗಾಮುಗ್ಗಾ ಬಯ್ಯುತ್ತಾರಲ್ಲ, ಆ ಹಾಡು. ಬೈಸಿಕೊಂಡವರು ನಗಬೇಕು. ನಕ್ಕು, ತಿರುಗಿ ಹಾಡಬೇಕು. ಮುಖ ಸಿಂಡರಿಸಿದವರು ಸೋತ ಹಾಗೆ. ಎಲ್ಲ ಊರಿನಲ್ಲೂ ಇಂಥ ಹಾಡು ಹೇಳುವ ನಾಲ್ಕು ಜನ ಇರುತ್ತಾರೆ, ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಹೇಳುತ್ತಾಳೆ. ಆದರೆ ಆಕೆ ಹಳೆಯದನ್ನು ಹೇಳುತ್ತಿರಲಿಲ್ಲ. ಒಂದೊಂದು ಮದುವೆಗೂ ಹೊಸದಾಗಿ ಕಟ್ಟುತ್ತಿದ್ದಳು. ಯಾರು ಮೊದಲು ಎಲೆ ಅಡಿಕೆಯ ವೀಳ್ಯ ಕೊಟ್ಟು ಕರೆದರೋ ಅವರ ಕಡೆ ಕೂರುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ನಮ್ಮ ಸೀಮೆಯಲ್ಲಿ ಹೆಣ್ಣು ಹೆತ್ತವರು, 'ಆ ಕಡೆಯವರು ನ್ಯಾಮತಿಯಾಕೆಯನ್ನು ಕರೆಸಿದ್ದಾರಂತೆ' ಎಂದು ಕೇಳಿದರೆ ಎದೆ ಒಡೆದುಕೊಳ್ಳುತ್ತಿದ್ದರು.

ಉದ್ದಕ್ಕೆ ಸಣ್ಣಗೆ ಇದ್ದಳು. ದನಿ ಇಂಪಾಗಿತ್ತು ಎಂದೆಲ್ಲ ತಿಳಿಯಬೇಡಿ, ತಗಡು ಎಳೆದ ಹಾಗಿತ್ತು. ಆದರೆ ಒಂದು ಅಕ್ಷರವೂ ನುಂಗಿ ಹೋಗುತ್ತಿರಲಿಲ್ಲ, ಚಪ್ಪರದ ಕೊನೆಯಲ್ಲಿ ಕೂತ ಕಿವುಡನಿಗೂ ಮುಟ್ಟುತ್ತಿತ್ತು. ಬಯ್ಯುವಾಗ ಬಲು ಮೆತ್ತಗೆ ನಗುತ್ತಿದ್ದಳು. ಮಗುವಿಗೆ ಕಹಿ ಔಷಧ ಕುಡಿಸುವವರು ನಗುತ್ತಾರಲ್ಲ, ಹಾಗೆ.

ನನ್ನನ್ನು ಕೇಳಿದರೆ ಊಟದ ಹಾಡಿನಿಂದ ಶುರು ಮಾಡಿ ಎನ್ನುತ್ತೇನೆ. ಯಾರ ಹೊಟ್ಟೆಗೂ ಬೆಂಕಿ ಬೀಳದ ಹಾಡು ಆಕೆ ಕಟ್ಟಿದ್ದಿದ್ದರೆ ಅದು ಅದೊಂದೇ.

ಅಕ್ಕಿ ಬೇಯಲೆ ಇಲ್ಲ ಬೇಳೆ ಕರಗಲೆ ಇಲ್ಲ
ಹಪ್ಪಳ ಮುರಿಯಾಕೆ ಗರಗಸ – ತರಿಸ್ಯಾರೆ
ಒಪ್ಪತ್ತು ಬೇಕು ಒಂದು ತುತ್ತೀಗೆ

ಬಾಯಿಗೆ ಸಲೀಸಾಗಿ ಬರುತ್ತದೆ. ಆಮೇಲೆ ಮದುಮಗನ ಮೀಸೆಯ ಹಾಡಿಗೆ ಹೋಗಿ. ಇಲಿ ಮೀಸೆ ಕಡಿದ ಕಥೆ ಅದು. ಕೊನೆಗೆ 'ಅಳಬ್ಯಾಡ ನನ್ನಪ್ಪ, ಎಮ್ಮೆ ಬಾಲ ಕಟ್ಟೇವು' ಎಂದು ಮದುಮಗನಿಗೆ ಸಮಾಧಾನ ಹೇಳುತ್ತದೆ. ಅದನ್ನು ಕಟ್ಟಿದ್ದು ಹೊನ್ನಾಳಿಯ ಮದುವೆಗೆ. ಅಲ್ಲಿ ಇನ್ನೊಂದು ನಡೆಯಿತು. ಆಕೆ ಹಾಡಿದ್ದಕ್ಕೆ ಹುಡುಗನ ತಾಯಿ ಗೊಳೋ ಎಂದು ಅತ್ತುಬಿಟ್ಟಳಂತೆ. ಆಕೆ ಹಾಡು ನಿಲ್ಲಿಸಿ, ಎದ್ದು ಹೋಗಿ, ಒಂದು ಲೋಟ ನೀರು ತಂದು ಕೊಟ್ಟಳು. ಆಯಮ್ಮ ಕುಡಿದಳು. "ಸಮಾಧಾನ ಆತಾ ಬೀಗತಿ?" ಎಂದು ಕೇಳಿದಳು. ಆಯಮ್ಮ ಹೂಂ ಎಂದಳು. ಆಕೆ ತನ್ನ ಜಾಗಕ್ಕೆ ಬಂದು ಕೂತು ಬಿಟ್ಟ ಸಾಲಿನಿಂದಲೇ ಹಾಡಿದಳು.

ಸೊಕ್ಕೆ ಊರಿನ ಒಂದು ಮನೆಯವರು ಹೆದರಿ, ನಮ್ಮನ್ನು ಬಿಟ್ಟುಬಿಡವ್ವ ಎಂದು ಒಳ್ಳೆಯದೊಂದು ಸೀರೆ ಕಳಿಸಿದರು. ಆಕೆ ಅದೇ ಸೀರೆ ಉಟ್ಟುಕೊಂಡು ಹೋಗಿ ಆ ಸೀರೆಯ ಮೇಲೆಯೇ ಹಾಡಿದಳು. ಅದಕ್ಕೆ ನಾನೂ ನಕ್ಕಿದ್ದೇನೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಪಕ್ಕದವರ ಮನೆಗೆ ಬಿದ್ದ ಬೆಂಕಿಯಲ್ಲಿ ಚಳಿ ಕಾಯಿಸಿಕೊಳ್ಳುವುದು ಹಿತ ನೋಡಿ.

ಒಮ್ಮೆ ಯಾರೋ ಕೆಣಕಲು ಕೇಳಿದರು, ನಿನ್ನ ಮದುವೆಯಲ್ಲಿ ಏನು ಹಾಡಿದರವ್ವ ಎಂದು.

"ನನ್ನ ಮದುವೀಗೆ ಬೀಗರು ಬರಲಿಲ್ಲ. ಗಂಡ ಒಬ್ನೇ ಬಂದಿದ್ದ. ಆಮ್ಯಾಲೆ ಅವನೂ ಹೋದ" ಎಂದು ಎಲೆಗೆ ಸುಣ್ಣ ಸವರಿದಳು. ಗಂಡನ ಸುದ್ದಿ ಆಕೆಯ ಬಾಯಲ್ಲಿ ಬಂದದ್ದು ಅಷ್ಟೇ.

ಆಕೆಗೆ ಒಂದು ನೇಮ ಇತ್ತು. ಅದನ್ನು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದಳು.

"ಕುಂಟನಿಗೆ ಕುಂಟ ಅನಬಾರದು ಕಣ್ರೇ. ಓಡೋನಿಗೆ ಕುಂಟ ಅನಬೇಕು. ಇಲ್ಲದ್ದು ಹೇಳಿದ್ರೆ ಜನ ನಗ್ತಾರೆ. ಇರೋದು ಹೇಳಿದ್ರೆ ಸಾಯ್ತಾರೆ."

ಆದ್ದರಿಂದ ವೀಳ್ಯ ಕೊಡಲು ಬಂದವರನ್ನು ಎದುರು ಪಕ್ಷದವರ ಹುಳುಕು ಏನೆಂದು ಆಕೆ ಕೇಳುತ್ತಲೇ ಇರಲಿಲ್ಲ. "ಅವರಲ್ಲಿ ಏನು ಚೆಂದ ಐತೆ, ಅದು ಹೇಳ್ರಿ" ಎನ್ನುತ್ತಿದ್ದಳು. ಹುಡುಗ ಎತ್ತರ ಎಂದರೆ ಕುಳ್ಳ ಎಂದು ಕಟ್ಟುವುದು. ಅತ್ತೆಯ ಕೈ ಧಾರಾಳ ಎಂದರೆ ಜಿಪುಣಿ ಎಂದು ಕಟ್ಟುವುದು. ಚನ್ನಗಿರಿಯಲ್ಲಿ ಒಬ್ಬ ಮದುಮಗನಿಗೆ ನಿಜವಾಗಿಯೂ ಮೆಳ್ಳಗಣ್ಣು. ಆಕೆ ಅವನ ಕಿವಿ, ಮೂಗು, ನಡಿಗೆ, ಮೈಕಟ್ಟು ಎಲ್ಲವನ್ನೂ ಹರಿದು ಹಂಚಿದಳು, ಕಣ್ಣಿನ ತಂಟೆಗೆ ಹೋಗಲಿಲ್ಲ. ಇದನ್ನೆಲ್ಲ ನಾನು ಬಲ್ಲೆ. ಬಲ್ಲೆನಾದ್ದರಿಂದಲೇ ನಮ್ಮ ಮನೆಯ ಮದುವೆಯಲ್ಲಿ ಆಕೆ ಮಾಡಿದ್ದನ್ನು ನನಗೆ ಕ್ಷಮಿಸಲು ಆಗಿಲ್ಲ.

ನನ್ನ ಅಕ್ಕನ ಮದುವೆ. ಬಿಳಿಚೋಡಿನ ಹುಡುಗ, ಪ್ರೈಮರಿ ಶಾಲೆಯ ಮೇಷ್ಟ್ರು. ಅಕ್ಕ ಬಂಗಾರದ ಬಣ್ಣದವಳು. ಆದರೆ ಮದುವೆಗೆ ವರ್ಷದ ಹಿಂದೆ ಅವಳ ಸೊಂಟದ ಮೇಲೆ, ಸೀರೆಯ ನೆರಿಗೆ ಮುಚ್ಚುವ ಕಡೆ, ಅಡಿಕೆಯಷ್ಟು ಅಗಲ ಬಿಳಿ ಎದ್ದಿತ್ತು. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ನಮ್ಮ ಜನರ ಬಾಯಲ್ಲಿ ಅದರ ಹೆಸರು ತೊನ್ನು. ಆ ಹೆಸರಿದ್ದ ಮನೆಗೆ ಯಾರೂ ಹೆಣ್ಣು ಕೇಳಿಕೊಂಡು ಬರುವುದಿಲ್ಲ. ಗೊತ್ತಿದ್ದದ್ದು ಅಕ್ಕನಿಗೆ, ಅವ್ವನಿಗೆ, ನನಗೆ, ಚನ್ನಗಿರಿಯ ನಮ್ಮ ಚಿಕ್ಕವ್ವನಿಗೆ. ಅಪ್ಪನಿಗೂ ಹೇಳಿರಲಿಲ್ಲ. ಅವ್ವ ಯಾರೋ ಪಂಡಿತರಿಂದ ಲೇಪ ತರಿಸಿ ಬಾಗಿಲು ಹಾಕಿಕೊಂಡು ಹಚ್ಚುತ್ತಿದ್ದಳು. ಅದರ ಕಮಟು ವಾಸನೆ ಗೋಡೆ ದಾಟುತ್ತದೇನೋ ಎಂದು ನನಗೆ ದಿಗಿಲು.

ಅವ್ವ ಒಂದು ತಪ್ಪು ಮಾಡಿದಳು. ಆಕೆಗೆ ವೀಳ್ಯ ಕೊಡಲಿಲ್ಲ. "ಪಕ್ಕದ ಮನೆಯೋಳಿಗೆ ಎಂಥಾ ವೀಳ್ಯ? ಕೂಗಿದ್ರೆ ಸೆರಗು ಒರೆಸ್ಕೊಂತ ಬರ್ತಾಳೆ" ಎಂದಳು. ಅಷ್ಟರಲ್ಲಿ ಬಿಳಿಚೋಡಿನವರು ಬಂದು ಕೊಟ್ಟು ಹೋಗಿದ್ದರು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಆಕೆ ನಮ್ಮ ಬಾಗಿಲಿಗೆ ಬಂದು ನಿಂತಳು.

"ಇವತ್ತು ನಾನು ಆ ಕಡೇಲಿ ಕೂರ್ತೀನಿ ಕಣವ್ವಾ. ಬೇಜಾರು ಮಾಡ್ಕಬ್ಯಾಡ."

"ಕೂರು ಕೂರು. ನಿನ್ನ ಬಾಯಿ ನಮಗೇನು ಹೊಸದಾ?" ಎಂದಳು ಅವ್ವ.

ಸಂಜೆ ಬೀಗರ ಲಾರಿ ಬಂತು. ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಚಪ್ಪರದಲ್ಲಿ ಕೂರಿಸಿದೆವು. ಹೆಂಗಸರು ಎರಡು ಸಾಲಾಗಿ ಎದುರು ಬದುರು ಕೂತರು. ನಮ್ಮ ಕಡೆಯಿಂದ ಹಾಡುವವಳು ಚಿಕ್ಕವ್ವ, ಅವಳೂ ಬಾಯಿಯಲ್ಲಿ ಕಡಿಮೆಯವಳಲ್ಲ. ಮೊದಲು ಆಕೆ ನಮ್ಮ ಚಪ್ಪರಕ್ಕೆ ಬೈದಳು, ನಕ್ಕೆವು. ಅಪ್ಪನ ಪೇಟಕ್ಕೆ ಬೈದಳು, ಅಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. ಚಿಕ್ಕವ್ವ ತಿರುಗಿ ಅವರ ಲಾರಿಯನ್ನು ಕತ್ತೆ ಮಾಡಿ ಹಾಡಿದಳು. ಬಿಳಿಚೋಡಿನವರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಆಕೆ ತೊಡೆಯ ಮೇಲೆ ತಾಳ ಹಾಕಿಕೊಂಡು, ಅದೇ ಮೆತ್ತಗಿನ ನಗು ನಕ್ಕು ಇದನ್ನು ಎತ್ತಿದಳು.

ಹೆಣ್ಣು ನೋಡಿರೆ ಎಂಥಾ ಕಣ್ಣು ಕುಕ್ಕುವ ಹೆಣ್ಣು
ಬಣ್ಣದ ಸೀರೆ ಒಳಗೆಲ್ಲ – ತೊನ್ನವ್ವ
ಸುಣ್ಣ ಬಳಿದೇನೆ ಬೀಗತಿ?

ಅವರ ಕಡೆಯವರೆಲ್ಲ ಗೊಳ್ಳೆಂದರು. ಬೀಗರ ಹಾಡಿನಲ್ಲಿ ಇದೇನು ದೊಡ್ಡ ಮಾತಲ್ಲ, ಇದಕ್ಕಿಂತ ಹೊಲಸನ್ನು ಕೇಳಿ ನಕ್ಕಿದ್ದೇವೆ. ನಮ್ಮ ಸರದಿ. ಚಿಕ್ಕವ್ವ ಬಾಯಿ ತೆರೆದಳು. ಅವ್ವನ ಕಡೆ ನೋಡಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಚಿಕ್ಕವ್ವನ ಬಾಯಿ ಮುಚ್ಚಿತು.

ನಾವು ಯಾರೂ ನಗಲಿಲ್ಲ.

ಅವರ ನಗು ಒಬ್ಬೊಬ್ಬರದಾಗಿ ನಿಂತಿತು. ಹುಡುಗನ ಸೋದರತ್ತೆ, ದಪ್ಪ ಬುಗುಡಿಯ ಹೆಂಗಸು, ನಿಧಾನಕ್ಕೆ ಎದ್ದು ನಿಂತಳು. "ಹೆಣ್ಣನ್ನ ಒಂದು ಗಳಿಗೆ ಒಳಾಕೆ ಕರಕೊಂಡು ಬರ್ರಿ" ಎಂದಳು. ದನಿ ಏರಿಸಲೂ ಇಲ್ಲ. ಒಳಗೆ ಅಕ್ಕನ ಸೀರೆ ಸಡಿಲಿಸಿ ನೋಡಿದರು. ಅಕ್ಕ ತಾನೇ ನೆರಿಗೆ ಎಳೆದು ತೋರಿಸಿದಳು ಎಂದು ಆಮೇಲೆ ಚಿಕ್ಕವ್ವ ಹೇಳಿದಳು. ಮೈಗೆ ಅರಿಸಿನ ಹಚ್ಚಿತ್ತು, ಆ ಒಂದು ಕಡೆ ಮಾತ್ರ ಅವ್ವ ಎರಡು ಪಟ್ಟು ಹಚ್ಚಿದ್ದಳು.

ಬೀಗರು ಊಟ ಮಾಡಿಯೇ ಹೋದರು. ಅನ್ನದ ಮೇಲೆ ಸಿಟ್ಟು ಮಾಡಬಾರದಂತೆ. ಲಾರಿಯ ಮುಂದೆ ಡ್ರೈವರನ ಪಕ್ಕ ಹುಡುಗ ಕೂತಿದ್ದ. ತಿರುಗಿ ನೋಡಲಿಲ್ಲ.

ಆಕೆಗೆ ಗೊತ್ತಿತ್ತೋ ಗೊತ್ತಿರಲಿಲ್ಲವೋ? ಅಂದಿನಿಂದ ನಮ್ಮ ಮನೆಯಲ್ಲಿ ಉಳಿದದ್ದು ಇದೊಂದೇ ಪ್ರಶ್ನೆ. ಅವ್ವ ಮಾತ್ರ ಒಂದು ದಿನವೂ ಅನುಮಾನ ಪಡಲಿಲ್ಲ. "ಗೊತ್ತಿತ್ತು. ವೀಳ್ಯ ಕೊಡಲಿಲ್ಲ ಅಂತ ಹಗೆ ತೀರಿಸ್ಕಂಡ್ಲು ಮುಂಡೆ. ಎಳೆಗೂಸಿದ್ದಾಗ ಇವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅದು, ಹಾಳಾಗಿ ಹೋಗಲಿ" ಎಂದು ಗೋಡೆಗೆ ಕೇಳುವಂತೆ ಶಪಿಸುತ್ತಿದ್ದಳು. ಒಂದು ಬೆಳಿಗ್ಗೆ ಆಕೆಯ ಬಾಗಿಲಿಗೆ ಸಗಣಿ ನೀರು ಎರಚಿ ಬಂದಳು. ಮರುದಿನವೇ ಗೋಡೆಯ ಆ ಕಡೆಯಿಂದ ಹಾಡು ಬಂತು: ಕಾಸಿಲ್ಲದೆ ಬಾಗಿಲು ಸಾರಿಸಿಕೊಟ್ಟ ನೆರೆಮನೆ ಪುಣ್ಯಾತ್ಗಿತ್ತಿಯ ಹಾಡು. ಒಳ್ಳೆಯ ಹಾಡೇ ಅದು. ಹಾಳು, ಒಳ್ಳೆಯ ಹಾಡೇ.

ಅಷ್ಟಕ್ಕೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮದುವೆ ಮುರಿದ ಸುದ್ದಿ ಊರೂರು ತಿರುಗಿತು, ಸುದ್ದಿಯ ಹಿಂದೆ ಹಾಡೂ ಹೋಯಿತು. ಹೊನ್ನಾಳಿಯಲ್ಲಿ, ಚನ್ನಗಿರಿಯಲ್ಲಿ, ಜಗಳೂರಿನಲ್ಲಿ ಆಕೆ ಎಲ್ಲಿಗೆ ಹೋದರೂ ಜನ "ಆ ಸುಣ್ಣದ ಹಾಡು ಹೇಳವ್ವ" ಎನ್ನುವರು. ಹೊಸದಾಗಿ ಎಷ್ಟು ಕಟ್ಟಿಕೊಂಡು ಹೋದರೂ ಕೊನೆಗೆ ಅದೇ ಬೇಕು. ಆಕೆ ಒಲ್ಲೆ ಎನ್ನಲಿಲ್ಲ. ಹೇಳಿದಳು. ಒಂದು ಮದುವೆ ಬಿಡದೆ ಹೇಳಿದಳು. ಹಾಡಿನ ಬಾಯಿಗೆ ಸುಣ್ಣ ಹಚ್ಚಿಕೊಂಡು ಊರೂರಿಗೂ ನನ್ನ ಅಕ್ಕನ ಸೊಂಟವನ್ನು ಬಿಚ್ಚಿ ತೋರಿಸಿಕೊಂಡು ಬಂದಳು. ಅಕ್ಕನಿಗೆ ಆಮೇಲೆ ಒಂದು ಸಂಬಂಧವೂ ಬರಲಿಲ್ಲ. ನನ್ನ ಮದುವೆ ದೂರದ ಊರಿನವರ ಜೊತೆ, ಹೆಚ್ಚು ವಿಚಾರಿಸದ ಜನರ ಜೊತೆ ಆಯಿತು.

ಅಕ್ಕ ಗೋಡೆಯ ಈ ಕಡೆ ಕೂತು ಅಕ್ಕಿ ಆರಿಸುತ್ತಿದ್ದಳು. ಆಕೆ ಆ ಕಡೆ ಕೂತು ಹಾಡು ಕಟ್ಟುತ್ತಿದ್ದಳು. ಒಂದು ಸಾಲು ಹೇಳಿ, ಬಿಟ್ಟು, ಬದಲಿಸಿ, ಮತ್ತೆ ಹೇಳುವುದು. ವರ್ಷಗಟ್ಟಲೆ ಕೇಳಿ ಕೇಳಿ ಅಕ್ಕನಿಗೆ ಎಲ್ಲ ಹಾಡೂ ಬಾಯಿಗೆ ಬಂದವು. ಬಿಳುಪೂ ಸುಮ್ಮನಿರಲಿಲ್ಲ. ಮೊದಲು ಬೆರಳು, ಆಮೇಲೆ ಮೊಣಕೈವರೆಗೆ, ಆಮೇಲೆ ತುಟಿಯ ಸುತ್ತ. ಸೀರೆ ಮುಚ್ಚುವ ಕಾಲ ಮುಗಿಯಿತು.

ಮುದಿತನದಲ್ಲಿ ಆಕೆ ಹಿತ್ತಲಿನಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ನೋಡುವವರು ಯಾರೂ ಇರಲಿಲ್ಲ. ಯಾರು ಬರುತ್ತಾರೆ? ಊರಿನ ಎಲ್ಲ ಮನೆಯನ್ನೂ ಬೈದು ಮುಗಿಸಿದ್ದಳಲ್ಲ. ನಾನು ತವರಿಗೆ ಬಂದಿದ್ದ ಒಂದು ಮಧ್ಯಾಹ್ನ ಅಕ್ಕ ಗಂಜಿಯ ತಪ್ಪಲೆ ಹಿಡಿದು ಹೊರಟಳು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಆ ಮನೆ ಹೊಸ್ತಿಲು ತುಳಿದ್ರೆ ನೀನು ನನ್ನ ಮಗಳಲ್ಲ."

"ಬಿಡವ್ವ, ಗಂಜಿ ಕುಡಿಸಾಕೆ ಹೋಗಾಕತ್ತಿಲ್ಲ ನಾನು" ಎಂದು ಅಕ್ಕ ಅವಳನ್ನು ಸರಿಸಿಕೊಂಡು ನಡೆದಳು. ನಾನು ಹಿಂದೆ ಹೋದೆ. ಏನೋ ನಡೆಯುತ್ತದೆ ಎಂದು ಗೊತ್ತಾಗಿತ್ತು, ನೋಡಬೇಕಿತ್ತು.

ಆಕೆ ಒರಗಿಕೊಂಡಿದ್ದಳು. ತಲೆಯಲ್ಲಿ ಕೂದಲಿಲ್ಲ, ಬಾಯಲ್ಲಿ ಹಲ್ಲಿಲ್ಲ, ಕೆಳಗಿನ ಬಟ್ಟೆ ಒದ್ದೆ. ಅಕ್ಕ ತಪ್ಪಲೆ ಕೆಳಗಿಟ್ಟು, ಎದುರಿಗೆ ಕೂತು, ತೊಡೆಯ ಮೇಲೆ ತಾಳ ಹಾಕಿ ಹಾಡಿದಳು. ಆಕೆಯದೇ ಹಾಡು. ಹಿಂದೆ ಚನ್ನಗಿರಿಯ ಒಬ್ಬ ಗಟ್ಟಿಮುಟ್ಟು ಬೀಗತಿಯ ಮೇಲೆ ಕಟ್ಟಿದ್ದು.

ತಲೆಯಾಗೆ ಕೂದಲಿಲ್ಲ ಬಾಯಾಗೆ ಹಲ್ಲಿಲ್ಲ
ಮಲಗಿದ ಹಾಸಿಗೆ ಹಸಿಯಾಗಿ – ಬೀಗತಿ
ಅಳುಕದೆ ಹೊಂಟಾಳೆ ಮೆರವಣಿಗೆ

ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು. ಇಷ್ಟು ಕಾಲ ಇಲ್ಲದ್ದನ್ನು ಹಾಡಿದವಳಿಗೆ ಈಗ ಅಷ್ಟೂ ಇತ್ತು. ಕುಂಟನಿಗೆ ಕುಂಟ ಎಂದಾಗ ಹೇಗಿರುತ್ತದೆ, ನೋಡಿಕೋ ಎಂದುಕೊಂಡೆ. ಆಕೆ ಸುಮ್ಮನಾಗಲಿ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲಿ ಎಂದು ಕಾದೆ.

ಆಕೆ ನಕ್ಕಳು. ಮೆತ್ತಗಿನ ಆ ಹಳೆಯ ನಗುವಲ್ಲ. ಮೈಯೆಲ್ಲ ಅಲುಗಿ, ಕೆಮ್ಮು ಬಂದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಭೇಷ್! ಆದ್ರೆ ಮೂರನೇ ಸಾಲು ಎಳೀಬ್ಯಾಡ ಕಣೇ. ಕಡೀಬೇಕು" ಎಂದಳು. ಆಮೇಲೆ ಅಕ್ಕನ ಕೈ ನೋಡಿ, ಸುಣ್ಣದ ಗಡಿಗೆಯೇ ನಡೆದು ಗಂಜಿ ತಂದಿತೆಂದು ಅಲ್ಲೇ ಒಂದು ಸಾಲು ಕಟ್ಟಿ ತಿರುಗಿ ಹಾಡಿದಳು.

ಅಕ್ಕನ ತಾಳ ನಿಂತಿತು.

"ದೊಡ್ಡವ್ವ, ಒಂದು ಕೇಳ್ತೀನಿ. ಸತ್ಯ ಹೇಳಬೇಕು. ಅವತ್ತು ನಿನಗೆ ಗೊತ್ತಿತ್ತಾ?"

"ಗೊತ್ತಿದ್ರೆ ಹಾಡ್ತಿದ್ನೇನೇ?" ಆಕೆಗೆ ನಿಜವಾಗಿ ಸಿಟ್ಟು ಬಂತು. "ನನ್ನ ನೇಮ ನಿನಗೆ ಗೊತ್ತಿಲ್ವಾ? ವೀಳ್ಯ ಕೊಡಾಕೆ ಬಂದಾಗ ಕೇಳಿದೆ, ಹೆಣ್ಣಲ್ಲಿ ಏನು ಚೆಂದ ಐತೆ ಅಂತ. ಮೈಬಣ್ಣ ಅಂದ. ಅಂಥ ಬಣ್ಣ ನಮ್ಮ ಕಡೆ ಯಾರಿಗೂ ಇಲ್ಲ ಅಂದ. ಅದಕ್ಕೇ ತೊನ್ನು ಅಂತ ಕಟ್ಟಿದೆ."

"ಯಾರು ಅಂದದ್ದು?"

"ಯಾರು ಅಂದ್ರೆ? ಹುಡುಗ. ಅವರ ಜೊತೆ ಅವನೂ ಬಂದಿದ್ದ. ನಿಮ್ಮ ಬಾಗಿಲ ಕಡೀಗೇ ಕತ್ತು ಉದ್ದ ಮಾಡ್ಕಂಡು ನಿಂತಿದ್ದ. ಕೆಂಪಗಾಗಿ ಅಂದ."

ಅಕ್ಕ ಗಂಜಿಯ ತಪ್ಪಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನನಗೇ ತಡೆಯಲಾಗಲಿಲ್ಲ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು? ಗೊತ್ತಿಲ್ಲದೆ ಹಾಡಿದ್ದೇ ಆದ್ರೆ ಆಮೇಲೆ ಊರೂರಲ್ಲಿ ಯಾಕೆ ಹಾಡಿದೆ?"

"ನೀವು ಕೇಳಲಿಲ್ಲ. ಸಗಣಿ ನೀರು ಎರಚಿದ್ರಿ. ಜನ ಹಾಡು ಅಂದ್ರು, ಹಾಡಿದೆ. ಚೆನ್ನಾಗೈತಲ್ಲ ಹಾಡು?" ಎಂದು ನನ್ನನ್ನೇ ಕೇಳಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು. "ಮದುವೆ ಮುರಿದದ್ದು ನನ್ನ ಹಾಡಲ್ಲ ಕಣೇ. ನಿಮ್ಮವ್ವ ನಕ್ಕಿದ್ರೆ ಯಾರಿಗೂ ತಿಳೀತಿರಲಿಲ್ಲ. ಒಂದು ಸಲ ಹ್ಹಿ ಅಂದಿದ್ರೆ ಸಾಕಿತ್ತು."

ಇದನ್ನು ಮುಖದ ಮೇಲೆ ಹೇಳಬೇಕಿತ್ತೇ? ಸಾಯುವ ಕಾಲಕ್ಕೆ ಯಾರಾದರೂ ಇಂಥದ್ದನ್ನು ನುಂಗಿಕೊಂಡು ಹೋಗುತ್ತಾರೆ. ಆಕೆ ನುಂಗುವವಳಲ್ಲ. ಅಕ್ಕ ಗಂಜಿಯನ್ನು ಕುಡಿಸಿ, ಒದ್ದೆ ಬಟ್ಟೆ ಬದಲಿಸಿ, ತಪ್ಪಲೆ ತೊಳೆದುಕೊಂಡು ಬಂದಳು. ಅಂದಿನಿಂದ ಆಕೆ ಸಾಯುವ ತನಕ ದಿನಾ ಹೋದಳು. ಪ್ರೀತಿಯಿಂದಲ್ಲ, ಅದು ನನಗೆ ಗೊತ್ತು. ಹೋದಾಗಲೆಲ್ಲ ಹುಡುಗ ಏನಂದ, ಹೆಂಗೆ ನಿಂತಿದ್ದ, ಯಾವ ಅಂಗಿ ಎಂದು ಕೇಳುತ್ತಿದ್ದಳು. ಆಕೆ ನೆನಪಿಲ್ಲ ಎನ್ನುತ್ತಿದ್ದಳು. ಒಂದು ಸುಳ್ಳಾದರೂ ಕಟ್ಟಿ ಹೇಳಬಹುದಿತ್ತು. ಜನ್ಮವೆಲ್ಲ ಇಲ್ಲದ್ದನ್ನೇ ಕಟ್ಟಿದವಳು ಅದೊಂದನ್ನು ಕಟ್ಟಿ ಹೇಳಲಿಲ್ಲ.

ಆ ಮಧ್ಯಾಹ್ನ ನಾವು ಮನೆಗೆ ಬಂದಾಗ ಅವ್ವ, "ಏನಂದ್ಲು ಆ ಮುಂಡೆ?" ಎಂದು ಕೇಳಿದಳು. ಅಕ್ಕ ಒಂದು ಮಾತೂ ಬಿಡದೆ ಹೇಳಿದಳು. ನಿಮ್ಮವ್ವ ನಕ್ಕಿದ್ರೆ ಎಂಬುದನ್ನೂ ಹೇಳಿದಳು. ಅವ್ವ ಒಳಗೆ ಹೋದಳು. ಅದಾದ ಮೇಲೆ ಗೋಡೆಗೆ ಶಾಪ ಹಾಕಿದ್ದು ನಾನು ಕೇಳಿಲ್ಲ.

ಈಗ ತವರಿಗೆ ಬಂದಾಗಲೆಲ್ಲ ಹಾಡು ಕಲಿಯಲು ಬಂದವರಿಗೆ ನಾನು ಊಟದ ಹಾಡು, ಮೀಸೆಯ ಹಾಡು ಎಂದು ಬಡಬಡಿಸುತ್ತೇನೆ. ಸುಣ್ಣದ ಹಾಡೊಂದನ್ನು ಬಿಡಿ, ಅದು ಬೇಡ ಎಂದು ಕೈ ಮುಗಿಯುತ್ತೇನೆ. ಅಕ್ಕ ನನ್ನ ಮಾತನ್ನು ಕಡ್ಡಿ ಮುರಿದಂತೆ ಮುರಿಯುತ್ತಾಳೆ. ಹಾಡು ಇರುವುದು ಅವಳ ಬಾಯಲ್ಲಿ, ಹೇಳಿಕೊಡುವವಳೂ ಅವಳೇ.

ಮೊನ್ನೆ ಹೊನ್ನಾಳಿಯಿಂದ ಬಂದ ಹೊಸ ಸೊಸೆಯೊಬ್ಬಳು, ಇನ್ನೂ ಕೈಯ ಹಸಿರು ಬಳೆಯ ಹೊಳಪು ಮಾಸದವಳು, ಚಾಪೆಯ ಮೇಲೆ ಕೂತು ಅದೇ ಪ್ರಶ್ನೆ ಕೇಳಿದಳು.

"ಸುಣ್ಣದ ಹಾಡಿನಿಂದ" ಎಂದಳು ಅಕ್ಕ. "ನನ್ನ ಮುಖ ನೋಡ್ಕಂಡು ಹಾಡು."

ಆ ಹಾಡು ಯಾರಿಗೆ ಗೊತ್ತಿಲ್ಲ, ಹುಡುಗಿ ಕಣ್ಣು ಕುಕ್ಕುವ ಹೆಣ್ಣಿನವರೆಗೆ ಹಾಡಿದಳು. ಬಣ್ಣದ ಸೀರೆಯವರೆಗೂ ಹಾಡಿದಳು. ಆಮೇಲೆ ಅಕ್ಕನ ತುಟಿ ನೋಡಿದಳು, ತಾಳ ಹಾಕುತ್ತಿದ್ದ ಕೈ ನೋಡಿದಳು. ಹಾಡು ನಿಲ್ಲಿಸಿದಳು.

"ನಿಲ್ಲಿಸಬ್ಯಾಡ. ಹಾಡು" ಎಂದಳು ಅಕ್ಕ. ತಾಳ ಬಿಡಲಿಲ್ಲ.

"ಅಕ್ಕಾರೆ, ಹೆಂಗೆ ಹಾಡ್ಲಿ..."

"ಹಾಡ್ತೀಯೋ, ಎದ್ದು ಹೋಗ್ತೀಯೋ?"

ಹುಡುಗಿ ಕಣ್ಣು ಮುಚ್ಚಿ ತೊನ್ನವ್ವ ಎಂದಳು. ಅಕ್ಕ ಗಟ್ಟಿಯಾಗಿ ನಕ್ಕಳು. ಹುಡುಗಿಯೂ ಅಳುತ್ತ ನಕ್ಕಳು, ನಾನೂ ನಕ್ಕೆ. ಅಕ್ಕ ಕತ್ತು ಹೊರಳಿಸಿ ಅಡುಗೆಮನೆಯ ಬಾಗಿಲ ಕಡೆ ನೋಡಿ, ಇನ್ನೊಮ್ಮೆ ಮೊದಲಿನಿಂದ ಹಾಡು ಎಂದಳು. ಅಲ್ಲಿ ಹೊಸ್ತಿಲಿಗೆ ಒರಗಿ ಅವ್ವ ಕೂತಿದ್ದಳು. ಬಂದವರೆಲ್ಲರಿಂದಲೂ ಅಕ್ಕ ಮೊದಲು ಹಾಡಿಸುವುದು ಇದನ್ನೇ, ಅವ್ವ ಕೇಳುವುದೂ ಇದನ್ನೇ. ಸೆರಗು ಬಾಯಿಂದ ಇಳಿಸಿ ಅವಳು ಒಂದು ಸಲವೂ ನಕ್ಕಿಲ್ಲ.